ಹಳೇ ಪೆಟ್ರೋಲು, ಅವ್ವನ ಮಂಗಳಾರತಿ

ಅಕ್ಟೋಬರ್ 1, ಬುಧವಾರ. ಆಯುಧಪೂಜೆ.

ಎಷ್ಟು ತೊಳೆದರೂ ಕೈಯಿಂದ ಪೆಟ್ರೋಲಿನ ವಾಸನೆ ಹೋಗುತ್ತಿಲ್ಲ. ಇದೇ ಕೈ.

ಮೀನು ಹಿಡಿಯುವ ಮೋಟಾರು ದೋಣಿಯ ಟ್ಯಾಂಕಿನಲ್ಲಿ ಹೋದ ವರ್ಷದ ಪೆಟ್ರೋಲು ಕೆಟ್ಟು ಕೂತಿತ್ತು. ಪೂಜೆಗೆ ಮುಂಚೆ ಖಾಲಿ ಮಾಡೋಣವೆಂದು ಕೊಪ್ಪದ ಕೆರೆ ದಡದ ಬಯಲಲ್ಲಿ, ಬ್ಯಾಟರಿ ವೈರು ಬಿಚ್ಚಿಟ್ಟು, ಕೈಪಂಪಿನಿಂದ ಕ್ಯಾನಿಗೆ ಇಳಿಸುತ್ತಿದ್ದೆ. ಪಕ್ಕದಲ್ಲೇ ಬೀಡಿ ಹಚ್ಚಲು ಹೋದ ದೋಣಿಯ ಜೊತೆಗಾರ ಚಿಕ್ಕಮಾದುವನ್ನು ಬೈದು ಓಡಿಸಿದ್ದೆ. ಅವ್ವನಿಗೂ ಹೇಳಬೇಕೆಂದು ಹೊಳೆಯಲೇ ಇಲ್ಲ.

ಹಿಂದಿನಿಂದ ಬಂದಳು. ತಟ್ಟೆಯಲ್ಲಿ ಕರ್ಪೂರ ಧಗಧಗ ಉರಿಯುತ್ತಿತ್ತು.

"ವಸಿ ಸರ್ಕೊ ಮಗ, ಇಂಜಿನ್ಗೆ ಮಂಗ್ಳಾರ್ತಿ ಎತ್ಬುಡ್ತೀನಿ."

ಕ್ಯಾನಿನ ಬಾಯಿ ತೆರೆದೇ ಇತ್ತು. ಅವಳ ಮಣಿಕಟ್ಟು ತಿರುಚಿ, ತಟ್ಟೆ ಕಿತ್ತು ಕೆರೆಗೆ ಬೀಸಿ ಒಗೆದೆ. ಮೂಳೆ ಲಟಕ್ಕೆಂದದ್ದು ನನಗೂ ಕೇಳಿಸಿತು. "ಸಾಯಕ್ ಬಂದಿದ್ದೀಯೇನವ್ವ!" ಎಂದು ಕೆರೆಗೆಲ್ಲ ಕೇಳುವಂತೆ ಕಿರುಚಿದೆ.

ಮದ್ದೂರಿನ ಆಸ್ಪತ್ರೆಯಲ್ಲಿ ಅವಳ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದೆವು. ಪಕ್ಕದ ಮನೆ ಪುಟ್ಟಗೌರಿ ಕೇಳಿದ್ದಕ್ಕೆ ಅವ್ವ ಹೇಳುತ್ತಿದ್ದಳು: "ನನ್ ಮಗ ಕೈ ತಿರುಚ್ದೆ ಓಗಿದ್ರೆ ಅಲ್ಲೇ ಸುಟ್ಟು ಕರಕ್ಲಾಯ್ತಿದ್ದೆ ಕಣಮ್ಮ. ಉಳಿಸ್ಬುಟ್ಟ."

ತಟ್ಟೆ ಒಗೆದ ಮೇಲೆ ನಾನು ಅವಳ ಕೆನ್ನೆಗೆ ಎರಡು ಬಾರಿಸಿದ್ದನ್ನು ಹೇಳಲಿಲ್ಲ. ಸೆರಗನ್ನು ಕೆನ್ನೆಯ ಮೇಲಕ್ಕೆ ಎಳೆದುಕೊಂಡೇ ಮಾತಾಡುತ್ತಿದ್ದಳು.

ಹೊಡೆಯುವಾಗ ಬೆಂಕಿ ಎಲ್ಲಿತ್ತು? ಕರ್ಪೂರ ಆಗಲೇ ನೀರಿಗೆ ಬಿದ್ದು ಆರಿತ್ತು.