ಎಡಗಾಲು ಎತ್ತಿ ನಿಂತವರು

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಪುಟ್ಟಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಎರಡು ಪತ್ರಗಳೂ ಕೈಸೇರಿವೆ. ಉತ್ತರ ಬರೆಯಲು ಐದು ವಾರ ತಡವಾಯಿತು, ಬೈದುಕೋ. ಮಂಡಿನೋವು ಅಂತ ನೆಪ ಹೇಳಬಹುದಿತ್ತು, ಆದರೆ ಪತ್ರ ಬರೆಯುವುದು ಕೈಯಲ್ಲಿ. ನಿಮ್ಮ ಯಜಮಾನರ ಕಣ್ಣಿನ ಆಪರೇಷನ್ ಸುಸೂತ್ರವಾಗಿ ಆಯಿತೆಂದು ಓದಿ ನೆಮ್ಮದಿಯಾಯಿತು. ಒಂದು ತಿಂಗಳು ಬಗ್ಗಿ ಭಾರ ಎತ್ತದಂತೆ ನೋಡಿಕೋ, ಅವರೇನು ಹೇಳಿದ ಮಾತು ಕೇಳುವ ಪೈಕಿಯಲ್ಲ.

ನೀನು ಮುಖ್ಯವಾಗಿ ಕೇಳಿರುವುದು ಒಂದು ಪ್ರಶ್ನೆ. ನಮ್ಮ ಗುಂಡ ದಿನಾ ಹೋಗುವ ಬುದ್ಧಿಮಾಂದ್ಯರ ಕೇಂದ್ರದವರು ಪಕ್ಕದಲ್ಲೇ ಅವನಂಥ ಆರು ಜನರಿಗೆ ಒಂದು ಮನೆ ಮಾಡುತ್ತಿದ್ದಾರೆ, ಅವನಿಗೊಂದು ಜಾಗ ಇಟ್ಟಿದ್ದಾರೆ, ತಿಂಗಳ ಕೊನೆಯೊಳಗೆ ನಾವಿಬ್ಬರೂ ಹೂಂ ಅನ್ನಬೇಕು, ಏನು ಮಾಡೋಣ ಅಂತ. ನನ್ನ ಉತ್ತರ: ಬೇಡ. ನಿನ್ನ ಅಣ್ಣನಿಗೆ ನಲವತ್ತಾರು ತುಂಬಿದರೂ ಶೂ ಲೇಸು ಕಟ್ಟಲು ಇವತ್ತಿಗೂ ನಾನೇ ಬೇಕು. ಅಮ್ಮ ಹೋದ ಮೇಲೆ ಒಂಬತ್ತು ವರ್ಷ ನೋಡಿಕೊಂಡಿದ್ದೇನೆ. ನಾನು ಗಟ್ಟಿಮುಟ್ಟಾಗಿರುವಾಗ ಅವನು ಇನ್ನೊಬ್ಬರ ಕೈಕೆಳಗೆ ಯಾಕಿರಬೇಕು?

ಡ್ಯಾನ್ಸ್ ವಿಷಯ ಏನಾಯಿತು ಅಂತಲೂ ಕೇಳಿದ್ದೀಯ. ವಾರಕ್ಕೆರಡು ದಿನ ಕೇಂದ್ರಕ್ಕೆ ಡ್ಯಾನ್ಸ್ ಮೇಡಂ ಬರುತ್ತಾಳೆ, ನನ್ನ ಶಿಷ್ಯೆಯರ ವಯಸ್ಸಿನ ಹುಡುಗಿ. ವೇದಿಕೆಯ ಕುಣಿತವಲ್ಲ, ಚಿಕಿತ್ಸೆಯಂತೆ. ಬಾಯಿಯಲ್ಲಿ ಹೇಳಲಾಗದ್ದನ್ನು ಮೈ ಹೇಳುತ್ತದೆ ಎನ್ನುವುದು ಅವಳ ಲೆಕ್ಕ. ಚಾಪೆ ಹಾಸಿದ ಹಾಲಿನಲ್ಲಿ ಹನ್ನೊಂದು ಮಂದಿ, ಎಲ್ಲ ಮೂವತ್ತು ದಾಟಿದವರೇ, ದುಂಡಗೆ ನಿಲ್ಲುತ್ತಾರೆ. ಒಬ್ಬರು ನಡುವೆ ಬಂದು ತೋಚಿದ ಹಾಗೆ ಮೈ ಆಡಿಸಿದರೆ ಉಳಿದವರು, ಮೇಡಂ ಕೂಡ, ಹಾಗೆಯೇ ಮಾಡಬೇಕು. ಟೋಪಿ ತೆಗೆಯದ ಒಬ್ಬಳಿದ್ದಾಳೆ, ಬರೀ ಹೆಬ್ಬೆರಳು ಆಡಿಸುತ್ತಾಳೆ. ಮಿಕ್ಕವರೆಲ್ಲ ಬಲು ಗಂಭೀರವಾಗಿ ಹೆಬ್ಬೆರಳು ಆಡಿಸುತ್ತಾರೆ. “ಇಲ್ಲಿ ತಪ್ಪು ಅನ್ನೋದೇ ಇಲ್ಲ ಅಕ್ಕಾ,” ಅಂದಳು ಮೇಡಂ. ಮೂವತ್ತೊಂದು ವರ್ಷ ಡ್ರಿಲ್ ಟೀಚರಾಗಿ ತಪ್ಪು ಹುಡುಕಿಯೇ ಸಂಬಳ ತಿಂದವಳ ಮುಂದೆ ಇಂಥ ಮಾತು!

ಕಳೆದ ತಿಂಗಳು ಮನೆಯವರನ್ನೆಲ್ಲ ನೋಡಲು ಕರೆದರು. ನಮ್ಮವನು ನಾಲ್ಕು ಜನರ ಮುಂದೆ ನಗೆಪಾಟಲಾಗಬಾರದಲ್ಲ. ಅಡುಗೆಮನೆಯ ನೆಲದಲ್ಲಿ ಸೀಮೆಸುಣ್ಣದಿಂದ ಹೆಜ್ಜೆ ಬರೆದು, ಮೂರು ವಾರ ಬೆಳಿಗ್ಗೆ ಆರಕ್ಕೆ ಎಬ್ಬಿಸಿ ತಾಲೀಮು ಮಾಡಿಸಿದೆ. ಎಡ, ಬಲ, ತಿರುಗು, ನಿಲ್ಲು. ಕಲಿತ ಪುಟ್ಟಿ! ಒಂದು ಹೆಜ್ಜೆಯೂ ಗೆರೆ ದಾಟುತ್ತಿರಲಿಲ್ಲ. ನನಗೆ ಎಷ್ಟು ಹೆಮ್ಮೆ ಅಂತೀಯ.

ಆ ದಿನ ಅವನ ಸರದಿ ಬಂತು. ನಡುವೆ ಹೋಗಿ ಅಟೆನ್ಷನ್‌ನಲ್ಲಿ ನಿಂತ. ಸುತ್ತಲಿದ್ದವರೂ ಕೈ ಬಿಗಿದು ನಿಂತರು. ಒಂದು ನಿಮಿಷ ಆಯಿತು, ಎರಡಾಯಿತು. ಗುಂಡ ನನ್ನನ್ನೇ ನೋಡುತ್ತಿದ್ದ. ಮೇಡಂ ಕಾಯುತ್ತಲೇ ಇದ್ದಳು. ನನಗೆ ತಡೆಯಲಾಗದೆ ಕುರ್ಚಿಯಿಂದಲೇ “ಎಡ!” ಅಂದುಬಿಟ್ಟೆ. ಎಡಗಾಲು ಎತ್ತಿದ. ಎಲ್ಲರೂ ಎತ್ತಿದರು. ಮೇಡಂ ನನ್ನ ಕಡೆ ತಿರುಗಿ ನೋಡಿದ್ದರಿಂದ ಮುಂದಿನದನ್ನು ನಾನು ಹೇಳಲಿಲ್ಲ. ಹೇಳದ ಕಾರಣ ಅವನು ಇಳಿಸಲಿಲ್ಲ. ಮೈ ನಡುಗುತ್ತಿದ್ದರೂ ತುಟಿ ಕಚ್ಚಿಕೊಂಡು ನಿಂತೇ ಇದ್ದ. ಉಳಿದವರು ಒಬ್ಬೊಬ್ಬರಾಗಿ ವಾಲಿ ಚಾಪೆಯ ಮೇಲೆ ಕೂತರು, ನೋಡಲು ಬಂದವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಕೊನೆಗೆ ಮೇಡಂ ಹೋಗಿ ಭುಜ ಕೊಟ್ಟು ಅವನ ಕಾಲು ಕೆಳಗಿಳಿಸಿದಳು.

ಆಮೇಲೆ ಮೆಟ್ಟಿಲ ಹತ್ತಿರ ಕೇಳಿದಳು, “ಮನೇಲಿ ಪ್ರಾಕ್ಟೀಸ್ ಮಾಡಿಸಿದ್ರಾ ಅಕ್ಕಾ?”

“ಮೂರು ವಾರ,” ಅಂದೆ.

“ಬಂದ ಹೊಸದ್ರಲ್ಲಿ ಎಂಟು ತಿಂಗಳು ಅವರು ಕೈ ಸಹ ಎತ್ತಿರ್ಲಿಲ್ಲ. ಆಮೇಲೊಂದಿನ ತಾವಾಗೇ ಭುಜ ಕುಣಿಸಿದ್ರು. ಅವತ್ತು ನಾನು ಮನೆಗೆ ಹೋಗಿ ಅತ್ತಿದ್ದೆ. ಈಗ ಮತ್ತೆ ಮೊದಲಿಂದ ಶುರು ಮಾಡ್ಬೇಕು. ಪರವಾಗಿಲ್ಲ ಬಿಡಿ.”

ಬೈದಿದ್ದರೆ ಚೆನ್ನಾಗಿತ್ತು. “ಮನೇಲಿ ಅವನು ಒಂದಿನಾನೂ ಕುಣಿದಿಲ್ಲ ಕಣಮ್ಮ, ಅದು ಅವನ ಸ್ವಭಾವವೇ ಅಲ್ಲ,” ಅಂತ ನಾನೇ ಜೋರು ಮಾಡಿದೆ. ಆವತ್ತಿನಿಂದ ಗುಂಡ ಅಲ್ಲಿ ಗೋಡೆಗೆ ಒರಗಿ ನಿಂತಿರುತ್ತಾನಂತೆ, ನಡುವೆ ಬರುವುದಿಲ್ಲವಂತೆ.

ಇದನ್ನೆಲ್ಲ ನೀನು ಬೇರೆಯವರ ಬಾಯಿಂದ ಕೇಳಿ ನನ್ನ ಮೇಲೆ ಹರಿಹಾಯಬಾರದು ಅಂತ ಬರೆದೆ. ತಪ್ಪಾಗಿದೆ, ತಿದ್ದಿಕೊಳ್ಳುತ್ತೇನೆ. ಅಷ್ಟಕ್ಕೆಲ್ಲ ಅವನನ್ನು ಮನೆ ಬಿಡಿಸಬೇಕಾಗಿಲ್ಲ. ನೀನೂ ಬೇಡ ಅಂತಲೇ ಅವರಿಗೆ ಬರೆದುಬಿಡು.

ಮನೆಮಂದಿಗೆಲ್ಲ ಒಳ್ಳೆಯದಾಗಲಿ. ಅವರಿವರ ಆರೈಕೆಯಲ್ಲಿ ನಿನ್ನ ಊಟ ಮರೆಯಬೇಡ, ನೂರು ಕಾಲ ನಗುನಗುತ್ತಾ ಇರು.

ನಿನ್ನ ಅಕ್ಕ

ತಾ.ಕ.: ಕವರು ಅಂಟಿಸಿ ಮೂರು ದಿನ ಹಾಗೇ ಇಟ್ಟುಕೊಂಡಿದ್ದೆ, ಈಗ ಹರಿದು ಬರೆಯುತ್ತಿದ್ದೇನೆ. ಮೊನ್ನೆ ಪರದೆ ಹೊಲಿಸಲು ಎದುರುಮನೆಯ ಟೈಲರಮ್ಮನ ಹತ್ತಿರ ಹೋಗಿದ್ದೆ. “ನಿಮ್ಮ ತಮ್ಮ ಏನು ಕುಣೀತಾರೆ ಅಕ್ಕಾ! ನೀವು ಆಚೆ ಹೋಗೋದೇ ತಡ, ಶುರು. ಗೇಟು ಸದ್ದಾದ್ರೆ ಸಾಕು, ನೆಟ್ಟಗೆ ನಿಂತ್ಬಿಡ್ತಾರೆ,” ಅಂತ ನಕ್ಕಳು. ನಾನು ಬಾಗಿಲು ತೆರೆದಾಗಲೆಲ್ಲ ಅವನು ನೆಟ್ಟಗೆ ನಿಂತಿರುತ್ತಾನೆ. ಅಕ್ಕ ಬರಲಿ ಅಂತ ಕಾಯುತ್ತಾನೆ ಎಂದು ಒಂಬತ್ತು ವರ್ಷ ಅಂದುಕೊಂಡಿದ್ದೆ. ನಿನ್ನೆ ಅವಳ ಕಿಟಕಿಯಲ್ಲಿ ನಿಂತು ನೋಡಿದೆ. ಭುಜ ಕುಣಿಸುತ್ತಾನೆ, ಮಂಡಿ ಬಗ್ಗಿಸುತ್ತಾನೆ, ಬಾಯಿ ತುಂಬ ನಗುತ್ತಾನೆ. ಆ ನಗು ನಾನು ನೋಡಿಯೇ ಇರಲಿಲ್ಲ ಪುಟ್ಟಿ. ಎಷ್ಟು ಹೊತ್ತು ಅಂತ ಅಲ್ಲಿ ನಿಲ್ಲಲಿ? ಮನೆಗೆ ಬರಲೇಬೇಕಲ್ಲ, ಬಂದೆ, ಗೇಟು ತೆಗೆದೆ. ಮೇಲೆ ಬರೆದದ್ದನ್ನು ಬಿಡು. ಕೇಂದ್ರದವರಿಗೆ ಹೂಂ ಅಂತ ನೀನೇ ಹೇಳು, ನನ್ನ ಒಪ್ಪಿಗೆ ಇದು ಅಂತ ಈ ಕಾಗದವನ್ನೇ ತೋರಿಸು. ನನ್ನನ್ನು ಕೇಳಲು ಬಂದರೆ ಬೇಡ ಅಂದುಬಿಡುತ್ತೇನೆ.