ಅಮ್ಮನ ಹೊಲಿಗೆ ಮಷೀನು

ಪುಟ್ಟಾ,

ಅಮ್ಮನ ಬೆಳಗಿನ ಮಾತ್ರೆ ಆಗಿದೆ. ಮಧ್ಯಾಹ್ನದ್ದನ್ನು ಊಟವಾದ ಮೇಲೆ ನೀನೇ ಕೊಡು. ಮರೆತೆ ಅಂತ ಮತ್ತೆ ಹಲ್ಲು ಕಿರಿಯಬೇಡ.

ಅಮ್ಮನಿಗೆ ಲಕ್ವ ಹೊಡೆದು ಇವತ್ತಿಗೆ ಒಂದು ವರ್ಷ. ದಿನಕ್ಕೆರಡು ಸಲ ಆ ಬಲಗೈ ನೀವಿ, ಬೆರಳು ಮಡಿಸಿ ಬಿಡಿಸಿದ್ದೇ ಬಂತು. ನಿನ್ನೆ ಡಾಕ್ಟರು, "ಇನ್ನು ಈ ಕೈಯಲ್ಲಿ ಹೊಲಿಯೋಕಾಗಲ್ಲಮ್ಮ" ಅಂದುಬಿಟ್ಟರು. ಅಮ್ಮ ಅಳಲಿಲ್ಲ. ಮನೆಗೆ ಬಂದವಳೇ, "ಮಷೀನು ಯಾರಿಗಾದ್ರೂ ಕೊಟ್ಬಿಡಿ, ನನ್ನ ಕಣ್ಣೆದುರು ಬೇಡ" ಅಂದಳು.

ಹನ್ನೊಂದಕ್ಕೆ ಪಕ್ಕದ ಬೀದಿಯ ಟೈಲರಕ್ಕ ಮಷೀನು ಒಯ್ಯಲು ಬರುತ್ತಾರೆ. ಎತ್ತಲು ಕೈಜೋಡಿಸು. ಸೂಜಿ ಡಬ್ಬಿಯನ್ನೂ ಕೊಟ್ಟುಬಿಡು. ಆಮೇಲೆ ಅಮ್ಮನ ಹತ್ತಿರ ಸುಮ್ಮನೆ ಕೂತಿರು, ಸಮಾಧಾನ ಹೇಳಲು ಹೋಗಬೇಡ.

ಡ್ಯೂಟಿ ಇದೆ ಅಂತ ಅಮ್ಮನಿಗೆ ಹೇಳಿದ್ದೇನೆ, ಆದರೆ ನನಗೆ ಇವತ್ತು ಡ್ಯೂಟಿ ಏನೂ ಇಲ್ಲ ಕಣೋ. ಮಷೀನಿದ್ದ ಆ ಮೂಲೆ ಖಾಲಿಯಾಗುವುದನ್ನು ನೋಡಲು ನನ್ನಿಂದಾಗದು, ಅದಕ್ಕೇ ಹೊರಟೆ.

ಅಕ್ಕ