ಕಲ್ಲಿನ ಮೇಲಿದ್ದ ಕುರ್ಚಿಯ ಕಾಲು

ಉಪಗ್ರಹ ಪರೀಕ್ಷಾಲಯದ ಕ್ಯಾಂಟೀನಿನಿಂದ,
ಮಾರ್ಚ್ ೯, ಸೋಮವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ನೀನು ಗಡಿಯಾರದ ಅಂಗಡಿ ಮುಚ್ಚಿ ಅತ್ತೆಯ ಮನೆಗೆ ಹೋಗಿ ಮೂರು ತಿಂಗಳಾಯಿತು. ಕೈ ಯಾಕೆ ನಡುಗುತ್ತದೆ ಎಂದರೆ "ಏನಿಲ್ಲ, ಚಳಿ" ಅನ್ನುತ್ತೀಯ. ಡಾಕ್ಟರ ಮಾತೆತ್ತಿದರೆ ಫೋನು ಅತ್ತೆಗೆ ಕೊಟ್ಟುಬಿಡುತ್ತೀಯ. ಇರಲಿ, ಮೊದಲು ನನ್ನ ಮಾನ ಹೋದ ಕಥೆ ಕೇಳು.

ಉಪಗ್ರಹವನ್ನು ಬೇಕಾದ ಕಡೆ ತಿರುಗಿಸಲು ಅದರೊಳಗೆ ಊಟದ ತಟ್ಟೆಯಷ್ಟು ದೊಡ್ಡ ಚಕ್ರವೊಂದು ಸುತ್ತುತ್ತಿರುತ್ತದೆ. ಅದು ಕೂದಲೆಳೆಯಷ್ಟು ನಡುಗಿದರೂ ಕ್ಯಾಮೆರಾ ತೆಗೆಯುವ ಚಿತ್ರವೆಲ್ಲ ಕಲಸಿಹೋಗುತ್ತದೆ. ಅದಕ್ಕೇ ಹಾರುವ ಮೊದಲು, ಇಲ್ಲಿ ನೆಲದ ಮೇಲೆ, ಭಾರಿ ಕಲ್ಲುಹಾಸಿನ ಮೇಲೆ ಕೂರಿಸಿ ಅಳೆಯುತ್ತೇವೆ. ಹೊರಗಿನ ಅದುರು ತಾಗಬಾರದೆಂದು ಹಾಸಿಗೂ ಕೋಣೆಯ ನೆಲಕ್ಕೂ ನಡುವೆ ನಾಲ್ಕು ಬೆರಳಿನ ಸಂದು. ಏಸಿ ಬಂದ್, ಚಪ್ಪಲಿ ಹೊರಗೆ, ಕೆಮ್ಮು ಬಂದರೂ ನುಂಗಿಕೊಳ್ಳಬೇಕು. ಇಷ್ಟೆಲ್ಲ ಮಾಡಿಯೂ ಕಳೆದ ವಾರ ಮೂರು ದಿನ ಬೇಡದ ನಡುಕವೊಂದು ಕಾಣಿಸಿತು. ಬೇರಿಂಗ್ ಸರಿಯಾಗಿ ಕೂತಿಲ್ಲ ಎಂದು ವರದಿ ಬರೆದೆ. ಅದನ್ನು ಕೂರಿಸಿದ್ದ ಹಿರಿಯ ಮೆಕ್ಯಾನಿಕ್ ನಿನ್ನ ವಯಸ್ಸಿನವರು, ನಿನ್ನ ಹಾಗೆಯೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಳ್ಳುವವರು. ಎಂಟು ತಿಂಗಳ ಕೆಲಸ ಮಣ್ಣುಪಾಲಾಗುವುದರಲ್ಲಿತ್ತು. "ಇನ್ನೊಂದ್ಸಲ ನೋಡೋಣ ಕಣಮ್ಮ" ಎಂದರು, ಅಷ್ಟೇ.

ಇವತ್ತು ಚಕ್ರ ನಿಲ್ಲಿಸಿದೆವು. ನಡುಕ ನಿಲ್ಲಲಿಲ್ಲ. ಹಾಗೆ ಮೊದಲೇ ನೋಡಬೇಕಿತ್ತು, ಅವಸರದಲ್ಲಿ ಬಿಟ್ಟಿದ್ದೆ. ಬಗ್ಗಿ ನೋಡಿದರೆ ನನ್ನ ಕುರ್ಚಿಯ ಒಂದು ಕಾಲು ಸಂದು ದಾಟಿ ಕಲ್ಲಿನ ಮೇಲಿದೆ, ಕುರ್ಚಿಯಲ್ಲಿ ನಾನು ಎಂದಿನಂತೆ ಕಾಲು ಕುಣಿಸುತ್ತಿದ್ದೇನೆ. "ಕಾಲು ನಿಲ್ಸೆ, ಮೇಜು ಅಲ್ಲಾಡ್ತಿದೆ, ಒಂದ್ ಕಡೆ ನಿಲ್ದೇ ಇರೋ ಸೆಕೆಂಡ್ ಮುಳ್ಳು ನೀನು" ಎಂದು ಅಂಗಡಿಯಲ್ಲಿ ಗದರುತ್ತಿದ್ದೆಯಲ್ಲ, ಅದೇ ಕಾಲು. ಯಾರೂ ನೋಡಿರಲಿಲ್ಲ. ಮೆಲ್ಲಗೆ ಕುರ್ಚಿ ಸರಿಸಿ ಸುಮ್ಮನಿರೋಣ ಅನ್ನಿಸಿದ್ದು ನಿಜ. ಆದರೆ ಮೆಕ್ಯಾನಿಕ್ ತಮ್ಮ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ಎಂಟು ಜನರ ಮುಂದೆ ಹೇಳಿಬಿಟ್ಟೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೆಕ್ಯಾನಿಕ್ ಮಾತ್ರ ಕಣ್ಣೊರೆಸಿಕೊಂಡು ನನ್ನ ತಲೆ ಸವರಿದರು. ಕುರ್ಚಿ ಸರಿಸಿ ಮತ್ತೆ ಅಳೆದೆವು, ಚಕ್ರ ಪಾಸಾಯಿತು.

ಅತ್ತೆಗೆ ನನ್ನ ನೆನಪು ಹೇಳು. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ
ಸೆಕೆಂಡ್ ಮುಳ್ಳು

ಮರೆತಿದ್ದೆ: ಗುರುವಾರ ಹನ್ನೊಂದಕ್ಕೆ ನರಗಳ ಡಾಕ್ಟರು ಸಮಯ ಕೊಟ್ಟಿದ್ದಾರೆ. ರಜೆ ಹಾಕಿದ್ದೇನೆ, ಬುಧವಾರವೇ ಬರುತ್ತೇನೆ. ನಾನು ಎಂಟು ಜನರ ಮುಂದೆ ಒಪ್ಪಿಕೊಂಡೆ. ನೀನು ಒಬ್ಬರಿಗೆ ಕೈ ತೋರಿಸಿದರೆ ಸಾಕು. ಪಕ್ಕದಲ್ಲಿ ನಾನು ಕಾಲು ಕುಣಿಸದೆ ಕೂತಿರುತ್ತೇನೆ.